ಪಿ. ಡಿ. ಪಿ. ಹನ್ನೊಂದು: ಒಂದು ಯಂತ್ರದ ವ್ಯಾಕರಣ

ಅಂಗೈಯಗಲದ ದೂರವಾಣಿಯನ್ನು ಹಿಡಿದು, ಅದರಲ್ಲಿ ಚಿತ್ರ ನೋಡುತ್ತ, ಲೆಕ್ಕ ಮಾಡುತ್ತ, ದೂರದೇಶದಲ್ಲಿರುವ ಮಕ್ಕಳೊಡನೆ ಮುಖ ನೋಡಿ ಮಾತನಾಡುತ್ತಲಿರುವ ನಮ್ಮ ವಾಚಕರಲ್ಲಿ ಎಷ್ಟು ಮಂದಿ ಆ ಪುಟ್ಟ ಯಂತ್ರದ ಪೂರ್ವಿಕರು ಯಾರೆಂದು ವಿಚಾರಿಸಿರುವರು? ಮನುಷ್ಯರಿಗಿರುವಂತೆಯೇ ಯಂತ್ರಗಳಿಗೂ ವಂಶಾವಳಿಯುಂಟು. ಗಣಕಯಂತ್ರಗಳ ವಂಶದಲ್ಲಿ ಹೆಸರಿಸಲೇಬೇಕಾದ ಒಂದು ಕುಟುಂಬವು ೧೯೭೦ನೆಯ ಇಸವಿಯಲ್ಲಿ ಅಮೆರಿಕದಲ್ಲಿ ಹುಟ್ಟಿತು. ಅದರ ಹೆಸರು ಪಿ. ಡಿ. ಪಿ. ಹನ್ನೊಂದು. ಮಿತವ್ಯಯವು ಎಲ್ಲಿ ಗುಣವಾಗುವುದು, ಎಲ್ಲಿ ದೋಷವಾಗುವುದು ಎಂಬುದು ಪ್ರತಿಯೊಬ್ಬ ಗೃಹಸ್ಥನೂ ದಿನವೂ ಎದುರಿಸುವ ಪ್ರಶ್ನೆಯಷ್ಟೆ. ಈ ಒಂದೇ ಯಂತ್ರದಲ್ಲಿ ಆ ಪ್ರಶ್ನೆಯ ಎರಡು ಉತ್ತರಗಳೂ ದೊರೆಯುವುದರಿಂದ, ಅದರ ಕಥೆಯನ್ನು ವಾಚಕರ ಮುಂದೆ ಇಡಬೇಕೆಂದು ನಮಗೆ ತೋರಿತು.

೧೯೫೦ರ ದಶಕದಲ್ಲಿ ಗಣಕಯಂತ್ರವೆಂದರೆ ದೊಡ್ಡ ಕೊಠಡಿಯೊಂದನ್ನು ತುಂಬಿಬಿಡುವ ವಸ್ತುವಾಗಿತ್ತು. ಅದನ್ನು ತಂಪಾಗಿಡುವುದಕ್ಕೆ ಬೇರೆ ಯಂತ್ರಗಳು. ಅದರ ಸೇವೆಗೆ ಅರ್ಚಕರಂತೆ ನಿಯಮಿತರಾದ ನೌಕರರು. ಲೆಕ್ಕ ಬೇಕಾದವನು ತನ್ನ ಪ್ರಶ್ನೆಯನ್ನು ರಂಧ್ರ ಕೊರೆದ ಕಾರ್ಡುಗಳ ಕಟ್ಟಾಗಿ ಅವರಿಗೆ ಒಪ್ಪಿಸಿ, ಗರ್ಭಗುಡಿಯ ಹೊರಗೆ ಪ್ರಸಾದಕ್ಕೆ ನಿಂತ ಭಕ್ತನಂತೆ ಉತ್ತರಕ್ಕಾಗಿ ಕಾಯಬೇಕಾಗಿತ್ತು. ಯಂತ್ರವನ್ನು ಮುಟ್ಟುವ ಅಧಿಕಾರ ಅವನಿಗಿರಲಿಲ್ಲ.

ಈ ಪದ್ಧತಿಗೆ ಬದಲಾಗಿ, ಲೆಕ್ಕ ಮಾಡುವವನು ಯಂತ್ರದ ಎದುರಿಗೆ ತಾನೇ ಕುಳಿತು ಅದರೊಡನೆ ವ್ಯವಹರಿಸಬೇಕೆಂದು ಬಯಸಿದವರು ಕೆನ್ ಓಲ್ಸನ್, ಹಾರ್ಲನ್ ಆಂಡರ್ಸನ್ ಎಂಬ ಇಬ್ಬರು ತರುಣ ಎಂಜಿನಿಯರುಗಳು. ಇವರು ೧೯೫೭ರಲ್ಲಿ ೭೦,೦೦೦ ಡಾಲರುಗಳ ಬಂಡವಾಳವನ್ನು ಪಡೆದು, ಮ್ಯಾಸಚೂಸೆಟ್ಸ್ ಸಂಸ್ಥಾನದ ಮೇನಾರ್ಡ್ ಎಂಬ ಊರಿನ ಹಳೆಯ ಉಣ್ಣೆಯ ಗಿರಣಿಯೊಂದರಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪೆನಿಯನ್ನು ಸ್ಥಾಪಿಸಿದರು. ಹಿಂದೆ ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕರಿಗೆ ಕಂಬಳಿಗಳನ್ನು ನೆಯ್ದ ಗಿರಣಿ ಅದು. ಹಣ ಹಾಕಿದವರಿಗೆ 'ಕಂಪ್ಯೂಟರ್' ಎಂಬ ಶಬ್ದವೇ ಭಯವನ್ನುಂಟುಮಾಡುತ್ತಿತ್ತು, ಏಕೆಂದರೆ ಆ ವ್ಯಾಪಾರದಲ್ಲಿ ದೊಡ್ಡ ದೊಡ್ಡವರೇ ಕೈ ಸುಟ್ಟುಕೊಂಡಿದ್ದರು. ಆದುದರಿಂದ ಇವರು ತಮ್ಮ ಯಂತ್ರಕ್ಕೆ ಆ ಹೆಸರನ್ನಿಡದೆ 'ಪ್ರೋಗ್ರಾಮ್ಡ್ ಡೇಟಾ ಪ್ರೊಸೆಸರ್' ಎಂದು ನಾಮಕರಣ ಮಾಡಿದರು. ಇದರ ಮೊದಲಕ್ಷರಗಳೇ ಪಿ. ಡಿ. ಪಿ.

ಈ ಮಾಲೆಯ ಎಂಟನೆಯದಾದ ಪಿ. ಡಿ. ಪಿ. ಎಂಟು ೧೯೬೫ರಲ್ಲಿ ೧೮,೦೦೦ ಡಾಲರುಗಳ ಬೆಲೆಗೆ ಮಾರಾಟಕ್ಕೆ ಬಂದಿತು. ಲಕ್ಷಗಟ್ಟಲೆ ಡಾಲರುಗಳ ಯಂತ್ರಗಳ ನಡುವೆ ಇದು ಅಗ್ಗವಾದುದು. ಗಾತ್ರವೂ ಮನೆಯ ಶೀತಕಪೆಟ್ಟಿಗೆಯಷ್ಟೇ. ಇಂತಹ ಯಂತ್ರಗಳಿಗೆ 'ಮಿನಿಕಂಪ್ಯೂಟರ್' ಎಂಬ ಹೆಸರು ರೂಢವಾಯಿತು. ಆದರೆ ಪಿ. ಡಿ. ಪಿ. ಎಂಟು ಒಂದು ಸಲಕ್ಕೆ ೧೨ ಬಿಟ್‌ಗಳನ್ನು ಮಾತ್ರ ನಿರ್ವಹಿಸುತ್ತಿತ್ತು. ಬಿಟ್ ಎಂದರೆ ಸೊನ್ನೆ ಅಥವಾ ಒಂದು ಎಂಬ ಎರಡರಲ್ಲೊಂದು ಗುರುತು. ಅಷ್ಟರಲ್ಲಿ, ೧೯೬೪ರಲ್ಲಿ ಐ. ಬಿ. ಎಂ. ಕಂಪೆನಿಯವರು ತಮ್ಮ ಹೊಸ ಮಾಲೆಯಲ್ಲಿ ಎಂಟು ಬಿಟ್‌ಗಳ ಗುಂಪನ್ನು, ಎಂದರೆ ಒಂದು ಬೈಟನ್ನು, ಒಂದು ಅಕ್ಷರಕ್ಕೆ ಮೀಸಲಾದ ಅಳತೆಯಾಗಿ ಇಟ್ಟುಬಿಟ್ಟಿದ್ದರು. ಎಂಟರ ಅಳತೆಗೆ ಹನ್ನೆರಡು ಹೊಂದಲಿಲ್ಲ. ಜೊತೆಗೆ, ಡಿಜಿಟಲ್ ಕಂಪೆನಿಯನ್ನು ಬಿಟ್ಟುಹೋದ ಎಂಜಿನಿಯರುಗಳೇ ೧೯೬೯ರಲ್ಲಿ 'ನೋವಾ' ಎಂಬ ೧೬ ಬಿಟ್‌ಗಳ ಯಂತ್ರವನ್ನು ಪೇಟೆಗೆ ತಂದರು. ಹಳೆಯ ಮನೆಯಿಂದ ಹೊರಬಿದ್ದ ದಾಯಾದಿಗಳು ಎದುರುಗಡೆಯೇ ಅಂಗಡಿ ತೆರೆದಂತಾಯಿತು. ಡಿಜಿಟಲ್ ಕಂಪೆನಿಯವರು ಇನ್ನು ಸುಮ್ಮನಿರುವಂತಿರಲಿಲ್ಲ. ಗಾರ್ಡನ್ ಬೆಲ್ ಮತ್ತು ಅವರ ಸಹೋದ್ಯೋಗಿಗಳ ಆಲೋಚನೆಯಿಂದ ರೂಪುಗೊಂಡ ಪಿ. ಡಿ. ಪಿ. ಹನ್ನೊಂದರ ಮೊದಲನೆಯ ಮಾದರಿಯು ೧೯೭೦ರ ಜನವರಿಯಲ್ಲಿ ಪ್ರಕಟವಾಯಿತು. ಅತ್ಯಂತ ಸಣ್ಣ ಸಜ್ಜಿಗೆ ಸುಮಾರು ೧೧,೦೦೦ ಡಾಲರುಗಳ ಬೆಲೆ.

ಈಗ ಅದರ ಒಳಗನ್ನು ನೋಡೋಣ. ಗಣಕಯಂತ್ರದಲ್ಲಿ ಮುಖ್ಯವಾದುವು ಎರಡು. ಒಂದು, ಸ್ಮೃತಿಕೋಶ: ಅಂಚೆಕಚೇರಿಯ ಗೂಡುಗಳಂತೆ ಸಾಲಾಗಿರುವ ಮನೆಗಳು, ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಅದೇ ಅದರ ವಿಳಾಸ. ಎರಡನೆಯದು ಪ್ರೊಸೆಸರ್, ಎಂದರೆ ಕರ್ಮಚಾರಿ. ಕರ್ಮಚಾರಿಯ ಕೈಗೆಟುಕುವಂತೆ ಕೆಲವು ಗೂಡುಗಳನ್ನು ಬೇರೆಯಾಗಿಯೇ ಇಟ್ಟಿರುತ್ತಾರೆ; ಅವುಗಳಿಗೆ ರಿಜಿಸ್ಟರುಗಳೆಂದು ಹೆಸರು. ಪಿ. ಡಿ. ಪಿ. ಹನ್ನೊಂದರಲ್ಲಿ ಇಂತಹ ರಿಜಿಸ್ಟರುಗಳು ಎಂಟು. ಸೊನ್ನೆಯಿಂದ ಏಳರವರೆಗೆ ಅವುಗಳ ಎಣಿಕೆ. ಆರನೆಯದು ಊಟದ ಎಲೆಗಳ ಕಟ್ಟಿನಂತೆ ಒಂದರ ಮೇಲೊಂದು ಪೇರಿಸಿಟ್ಟ ಮಾಹಿತಿಯ ತುದಿ ಎಲ್ಲಿದೆಯೆಂದು ತೋರಿಸುವುದು. ಏಳನೆಯದು ಮುಂದಿನ ಆಜ್ಞೆಯು ಯಾವ ವಿಳಾಸದಲ್ಲಿದೆಯೆಂಬುದನ್ನು ನೆನಪಿಡುವುದು.

ಯಂತ್ರಕ್ಕೆ ಕೊಡುವ ಪ್ರತಿಯೊಂದು ಆಜ್ಞೆಯೂ ಒಂದು ವಾಕ್ಯ. ಅದರಲ್ಲಿ ಕ್ರಿಯಾಪದವಿರಬೇಕು: ಸಾಗಿಸು, ಕೂಡು, ಕಳೆ, ಹೋಲಿಸಿ ನೋಡು. ಎಲ್ಲಿಂದ ತೆಗೆದುಕೊಳ್ಳಬೇಕು, ಎಲ್ಲಿಗೆ ಸೇರಿಸಬೇಕು ಎಂಬುದೂ ಇರಬೇಕು. ವ್ಯಾಕರಣವನ್ನು ಪಾಠ ಹೇಳಿಯೇ ಆಯುಷ್ಯವನ್ನು ಕಳೆದ ನಮಗೆ, ಈ 'ಎಲ್ಲಿಂದ', 'ಎಲ್ಲಿಗೆ' ಎಂಬುವನ್ನು ಕಂಡೊಡನೆ ಅಪಾದಾನ, ಸಂಪ್ರದಾನಗಳು ನೆನಪಿಗೆ ಬಂದುದು ಆಶ್ಚರ್ಯವಲ್ಲ. ಹದಿನಾರು ಬಿಟ್‌ಗಳ ಒಂದು ಆಜ್ಞೆಯಲ್ಲಿ ಕ್ರಿಯೆಗೆ ನಾಲ್ಕು ಬಿಟ್‌ಗಳು, 'ಎಲ್ಲಿಂದ' ಎಂಬುದಕ್ಕೆ ಆರು, 'ಎಲ್ಲಿಗೆ' ಎಂಬುದಕ್ಕೆ ಆರು. ಆ ಆರರಲ್ಲಿ ಮೂರು ಬಿಟ್‌ಗಳು ಎಂಟು ರಿಜಿಸ್ಟರುಗಳಲ್ಲಿ ಯಾವುದೆಂಬುದನ್ನೂ, ಉಳಿದ ಮೂರು ಅದನ್ನು ಎಂಟು ರೀತಿಗಳಲ್ಲಿ ಯಾವ ರೀತಿಯಿಂದ ಬಳಸಬೇಕೆಂಬುದನ್ನೂ ಹೇಳುವುವು. ರಿಜಿಸ್ಟರು ಪ್ರಕೃತಿ, ರೀತಿಯು ಪ್ರತ್ಯಯ. ಸಂಬೋಧನೆಯನ್ನು ಸೇರಿಸಿ ನಮ್ಮ ವಿಭಕ್ತಿಗಳೂ ಎಂಟೇ ಆಗಿರುವುದು ಕೇವಲ ಕಾಕತಾಳೀಯ. ಇದನ್ನು ಕಟ್ಟಿದವರು ಪಾಣಿನಿಯನ್ನು ಓದಿದ್ದರೆಂದು ನಾವು ಹೇಳುವುದಿಲ್ಲ. ಆದರೆ ಯಾವ ಶಬ್ದಕ್ಕಾದರೂ ಯಾವ ವಿಭಕ್ತಿಯನ್ನಾದರೂ ಹಚ್ಚಬಹುದೆಂಬ ನಿಯಮವನ್ನು ಕಲಿತ ಹುಡುಗನು, ರಾಮ ಶಬ್ದವೊಂದನ್ನು ಬಾಯಿಪಾಠ ಮಾಡಿ ಅಂತಹ ನೂರಾರು ಶಬ್ದಗಳನ್ನು ತಾನೇ ನಡೆಸುವಂತೆ, ಈ ಯಂತ್ರದ ಕೆಲವೇ ಕ್ರಿಯೆಗಳನ್ನೂ ಎಂಟು ರೀತಿಗಳನ್ನೂ ಕಲಿತವನು ಸಾವಿರಾರು ಆಜ್ಞೆಗಳನ್ನು ತಾನೇ ರಚಿಸಬಲ್ಲವನಾಗುತ್ತಿದ್ದನು. ಅಂದಿನ ಬೇರೆ ಅನೇಕ ಯಂತ್ರಗಳಲ್ಲಿ, ಈ ಕ್ರಿಯೆಗೆ ಈ ರಿಜಿಸ್ಟರು ಮಾತ್ರ, ಆ ಕ್ರಿಯೆಗೆ ಆ ರೀತಿ ಮಾತ್ರ ಎಂದು ನಿಪಾತಗಳ ಪಟ್ಟಿಯನ್ನೇ ಉರುಹೊಡೆಯಬೇಕಾಗಿತ್ತು.

ಆ ಎಂಟು ರೀತಿಗಳು ಯಾವುವು? ಅಡಿಗೆಮನೆಯ ದೃಷ್ಟಾಂತದಿಂದ ಹೇಳುವೆವು. ಡಬ್ಬಿಯನ್ನು ತೆರೆದರೆ ಅದರಲ್ಲಿ ಬೆಲ್ಲವೇ ಇರಬಹುದು. ಇದು ಮೊದಲನೆಯ ರೀತಿ. ಬೆಲ್ಲವಿಲ್ಲದೆ, ಅದು ಯಾವ ಅಟ್ಟದ ಮೇಲಿದೆಯೆಂದು ಬರೆದ ಚೀಟಿಯಿರಬಹುದು, ಇದು ಎರಡನೆಯದು. ಚೀಟಿಯಲ್ಲಿ ಹೇಳಿದ ಸ್ಥಳದಿಂದ ವಸ್ತುವನ್ನು ತೆಗೆದುಕೊಂಡ ಮೇಲೆ, ಮುಂದಿನ ಸಲಕ್ಕಾಗಿ ಚೀಟಿಯಲ್ಲಿ ಪಕ್ಕದ ಸ್ಥಳವನ್ನು ತಾನಾಗಿಯೇ ತಿದ್ದಿಡುವುದು ಇನ್ನೊಂದು ರೀತಿ. ಸಾಲಾಗಿಟ್ಟ ಡಬ್ಬಿಗಳನ್ನು ಒಂದಾದಮೇಲೊಂದು ಬರಿದುಮಾಡುವುದಕ್ಕೆ ಇದು ಬಹಳ ಅನುಕೂಲ. ಮೊದಲು ಒಂದು ಹೆಜ್ಜೆ ಹಿಂದಕ್ಕೆ ತಿದ್ದಿ ಆಮೇಲೆ ಬಳಸುವುದು ಮತ್ತೊಂದು. ಚೀಟಿಯಲ್ಲಿ ಹೇಳಿದ ಸ್ಥಳದಿಂದ ಇಂತಿಷ್ಟು ದೂರ ಎಂದು ಎಣಿಸಿಕೊಳ್ಳುವುದು ಇನ್ನೂ ಒಂದು. ಈ ಕೊನೆಯ ಮೂರು ರೀತಿಗಳಲ್ಲಿ, ಅಲ್ಲಿ ಹೋದರೆ ಬೆಲ್ಲಕ್ಕೆ ಬದಲಾಗಿ ಇನ್ನೊಂದು ಚೀಟಿ ಸಿಕ್ಕುವ ಮೂರು ಭೇದಗಳನ್ನೂ ಸೇರಿಸಿದರೆ ಒಟ್ಟು ಎಂಟಾಗುವುವು.

ಇದರ ಸೊಗಸು ಪೂರ್ತಿಯಾಗಿ ಕಾಣುವುದು ಏಳನೆಯ ರಿಜಿಸ್ಟರಿನಲ್ಲಿ. ಮುಂದಿನ ಆಜ್ಞೆಯ ವಿಳಾಸವನ್ನು ಹೊರುವ ಈ ರಿಜಿಸ್ಟರನ್ನು ಬೇರೆ ಯಂತ್ರಗಳು ಅಂತಃಪುರದಲ್ಲಿ ಬಚ್ಚಿಟ್ಟಿದ್ದುವು. ಇಲ್ಲಿ ಮಾತ್ರ ಅದು ಉಳಿದವುಗಳ ಸಾಲಿನಲ್ಲಿಯೇ ಕುಳಿತಿತು. ಅದರ ಫಲವೇನೆಂದರೆ, 'ಬಳಸಿ ಮುಂದಕ್ಕೆ ತಿದ್ದು' ಎಂಬ ಸಾಮಾನ್ಯ ರೀತಿಯನ್ನು ಅದಕ್ಕೆ ಹಚ್ಚಿದರೆ, ಆಜ್ಞೆಯ ಬೆನ್ನಿಗೇ ಬರೆದಿಟ್ಟ ಸಂಖ್ಯೆಯನ್ನು ತೆಗೆದುಕೊಂಡು ಅದನ್ನು ದಾಟಿ ಮುಂದುವರಿಯುವ ಸೌಕರ್ಯವು ತಾನಾಗಿಯೇ ದೊರೆಯುವುದು. ಅದಕ್ಕಾಗಿ ಬೇರೆ ಸೂತ್ರವೇ ಬೇಕಿಲ್ಲ. ಅರ್ಧಮಾತ್ರೆ ಉಳಿದರೂ ವೈಯಾಕರಣರು ಹಬ್ಬ ಮಾಡುತ್ತಾರೆಂಬ ಮಾತು ನಮ್ಮಲ್ಲಿ ಪ್ರಸಿದ್ಧವಾಗಿದೆಯಷ್ಟೆ. ಇಲ್ಲಿ ಉಳಿದದ್ದು ಒಂದು ಇಡೀ ಸೂತ್ರ.

ಒಂದು ವಿನೋದವನ್ನೂ ಹೇಳಬೇಕು. ಮೂರು ಮೂರು ಬಿಟ್‌ಗಳನ್ನು ಒಂದೊಂದು ಅಂಕಿಯಾಗಿ ಓದುವ ಪದ್ಧತಿಯಲ್ಲಿ ೦೧೪೭೪೭ ಎಂಬ ಆಜ್ಞೆಯೊಂದಿದೆ. ೧ ಎಂಬುದು 'ಸಾಗಿಸು' ಎಂಬ ಕ್ರಿಯೆ. ೪ ಎಂಬುದು 'ಹಿಂದಕ್ಕೆ ತಿದ್ದಿ ಬಳಸು' ಎಂಬ ರೀತಿ. ೭ ಎಂಬುದು ಏಳನೆಯ ರಿಜಿಸ್ಟರು. ಯಂತ್ರವು ಈ ಆಜ್ಞೆಯನ್ನು ಓದಿ ಒಂದು ಹೆಜ್ಜೆ ಹಿಂದಕ್ಕೆ ಬಂದಾಗ ಎದುರಾಗುವುದು ಅದೇ ಆಜ್ಞೆ. ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗಿ ಅದರ ಪ್ರತಿಯನ್ನು ಅಲ್ಲಿ ಬರೆಯುವುದು. ಈಗ 'ಮುಂದಿನ ಆಜ್ಞೆ' ಎಂದರೆ ಆ ಪ್ರತಿಯೇ! ಹೀಗೆ ಒಂದೇ ಪದದ ಆ ಪ್ರೋಗ್ರಾಮು ತನ್ನ ಪ್ರತಿಗಳನ್ನು ತಾನೇ ಮಾಡುತ್ತ ಸ್ಮೃತಿಕೋಶದಲ್ಲಿ ಹಿಂದು ಹಿಂದಕ್ಕೆ ನಡೆಯುವುದು. ಇಂತಹ ಒಗಟು ಸಾಧ್ಯವಾಗುವುದು ಅಪವಾದವಿಲ್ಲದ ವ್ಯಾಕರಣದಲ್ಲಿ ಮಾತ್ರ.

ಇದೇ ಲಾಘವವು ಯಂತ್ರದ ಹೊರಮೈಯಲ್ಲಿಯೂ ಇತ್ತು. ಕರ್ಮಚಾರಿ, ಸ್ಮೃತಿಕೋಶ, ಟೈಪು ಮಾಡುವ ಯಂತ್ರ, ತಿರುಗುವ ಡಿಸ್ಕು, ಇವೆಲ್ಲವನ್ನೂ 'ಯೂನಿಬಸ್' ಎಂಬ ಒಂದೇ ರಾಜಬೀದಿಗೆ ಜೋಡಿಸಿದ್ದರು. ಬೀದಿಯ ಕೊನೆಯ ಕೆಲವು ವಿಳಾಸಗಳು ಸ್ಮೃತಿಕೋಶದವಾಗಿರದೆ ಉಪಕರಣಗಳವಾಗಿದ್ದುವು. ಟೈಪು ಯಂತ್ರಕ್ಕೆ ಒಂದು ಅಕ್ಷರವನ್ನು ಕಳುಹಿಸಬೇಕಾದರೆ ವಿಶೇಷವಾದ ಆಜ್ಞೆ ಬೇಕಿರಲಿಲ್ಲ. ಅದರ ವಿಳಾಸಕ್ಕೆ ಆ ಅಕ್ಷರವನ್ನು 'ಸಾಗಿಸು' ಎಂದರೆ ಸಾಕು. ಪ್ರಯೋಗಶಾಲೆಯವರು ತಮ್ಮ ಉಪಕರಣವನ್ನು ತಾವೇ ತಯಾರಿಸಿ, ಬೀದಿಯಲ್ಲಿ ಅದಕ್ಕೊಂದು ವಿಳಾಸವನ್ನು ಕೊಟ್ಟು, ಕೆಲಸಕ್ಕೆ ಹಚ್ಚಬಹುದಾಗಿತ್ತು.

ಅಪವಾದಗಳೇ ಇರಲಿಲ್ಲವೆಂದರೆ ಸತ್ಯಕ್ಕೆ ದೂರವಾದೀತು. ನಾಲ್ಕು ಬಿಟ್‌ಗಳಲ್ಲಿ ಕ್ರಿಯೆಗಳಿಗೆ ಸ್ಥಳ ಸಾಲದುದರಿಂದ, ಸಾಗಿಸುವುದಕ್ಕೂ ಹೋಲಿಸುವುದಕ್ಕೂ ಬೈಟಿನ ರೂಪವಿದ್ದರೂ ಕೂಡುವುದಕ್ಕೆ ಅದಿರಲಿಲ್ಲ. ಆಮೇಲೆ ಬಂದ ಗುಣಾಕಾರ, ಭಾಗಾಕಾರಗಳು 'ಎಲ್ಲಿಗೆ' ಎಂಬಲ್ಲಿ ರಿಜಿಸ್ಟರನ್ನೇ ಬೇಡುತ್ತಿದ್ದುವು. ಆದರೂ ಒಬ್ಬ ಮನುಷ್ಯನು ಇಡೀ ಯಂತ್ರವನ್ನು ತನ್ನ ತಲೆಯಲ್ಲಿಟ್ಟುಕೊಳ್ಳಬಹುದಾಗಿತ್ತು. ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ವಿದ್ಯಾರ್ಥಿಗಳಿಗೆ ಮೊದಲ ಪಾಠವನ್ನು ಇದರ ಮೇಲೆಯೇ ಹೇಳಿದರು.

೧೯೭೦ರಲ್ಲಿಯೇ ನ್ಯೂಜೆರ್ಸಿಯ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಎಂಬವರಿಗೆ ಈ ಯಂತ್ರವೊಂದು ದೊರೆಯಿತು. ಹಿಂದಿನ ವರ್ಷ ಅವರು ಹಳೆಯ ಪಿ. ಡಿ. ಪಿ. ಏಳರ ಮೇಲೆ 'ಯೂನಿಕ್ಸ್' ಎಂಬ ಕಾರ್ಯವ್ಯವಸ್ಥೆಯನ್ನು ಆರಂಭಿಸಿದ್ದರು. ಹೊಸ ಯಂತ್ರವನ್ನು ಕೊಳ್ಳುವುದಕ್ಕೆ ಅವರು ಹೇಳಿದ ಕಾರಣ, ಪೇಟೆಂಟು ವಿಭಾಗದ ಬರವಣಿಗೆಯನ್ನು ಅಚ್ಚುಕಟ್ಟಾಗಿ ಸಿದ್ಧಪಡಿಸುವುದೆಂಬುದು. ಯಂತ್ರ ಬಂದಿತು, ಅದರ ಡಿಸ್ಕು ಬರಲಿಲ್ಲ. ಅದಕ್ಕಾಗಿ ಕಾದ ಮೂರು ತಿಂಗಳು ಯಂತ್ರವು, ೬ ಮನೆ ಅಗಲ ೮ ಮನೆ ಉದ್ದದ ಚದುರಂಗದ ಹಾಸಿನಲ್ಲಿ ಕುದುರೆಯು ಎಲ್ಲ ಮನೆಗಳನ್ನೂ ಒಂದೊಂದು ಸಲವೇ ಮೆಟ್ಟಿ ಹೊರಟಲ್ಲಿಗೇ ಬಂದು ಸೇರುವ ದಾರಿಗಳನ್ನು ಎಣಿಸುತ್ತ ಕುಳಿತಿತ್ತು. ಇದು ನಮ್ಮವರಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದ ರುದ್ರಟನು ತನ್ನ ಕಾವ್ಯಾಲಂಕಾರದಲ್ಲಿ ಇದೇ ಕುದುರೆಯ ನಡೆಯನ್ನು ಶ್ಲೋಕದ ಬಂಧವಾಗಿ ತೋರಿಸಿರುವನು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇಂತಹ ನಡೆಗಳನ್ನು ರಚಿಸುವುದರಲ್ಲಿ ಪ್ರಸಿದ್ಧರಾಗಿದ್ದರು.

ಡಿಸ್ಕು ಬಂದಮೇಲೆ, ೨೪ ಸಾವಿರ ಬೈಟ್‌ಗಳಷ್ಟು ಸ್ಮೃತಿಯಿದ್ದ ಆ ಯಂತ್ರವು ೧೯೭೧ರಲ್ಲಿ ಪೇಟೆಂಟು ವಿಭಾಗದ ಮೂವರು ಟೈಪಿಸ್ಟರ ಕೆಲಸವನ್ನು ಒಟ್ಟಿಗೆ ನಡೆಸಿತು. ಅಷ್ಟರಲ್ಲಿ ರಿಚಿಯವರಿಗೆ ಒಂದು ತೊಡಕು ಕಂಡಿತು. ಅವರ ಕೈಯಲ್ಲಿದ್ದ 'ಬಿ' ಎಂಬ ಭಾಷೆಯು ಎಲ್ಲವನ್ನೂ ಒಂದೇ ಗಾತ್ರದ ಪದಗಳೆಂದು ಎಣಿಸುತ್ತಿತ್ತು. ಈ ಯಂತ್ರವಾದರೋ ಪ್ರತಿಯೊಂದು ಬೈಟಿಗೂ ವಿಳಾಸ ಕೊಟ್ಟಿತ್ತು. ಇದು ಅಕ್ಷರ, ಇದು ಪೂರ್ಣಾಂಕ ಎಂದು ಜಾತಿಭೇದವನ್ನು ಹೇಳುವ ಭಾಷೆ ಬೇಕಾಯಿತು. ಹೀಗೆ ೧೯೭೨ರ ಹೊತ್ತಿಗೆ 'ಸಿ' ಎಂಬ ಭಾಷೆ ರೂಪುಗೊಂಡಿತು. ೧೯೭೩ರಲ್ಲಿ ಯೂನಿಕ್ಸಿನ ತಿರುಳನ್ನೇ ಆ ಭಾಷೆಯಲ್ಲಿ ತಿರುಗಿ ಬರೆದರು. ಒಂದನ್ನು ಕೂಡಿಸು ಎಂಬರ್ಥದ ಜೋಡಿ ಕೂಡುಗುರುತು ಆ ಭಾಷೆಗೆ ಪಿ. ಡಿ. ಪಿ. ಹನ್ನೊಂದರಿಂದ ಬಂದಿತೆಂದು ಅನೇಕರು ಹೇಳುವುದುಂಟು. ಅದು ತಪ್ಪು, ಈ ಯಂತ್ರವು ಹುಟ್ಟುವ ಮೊದಲೇ ಆ ಗುರುತು 'ಬಿ' ಭಾಷೆಯಲ್ಲಿತ್ತೆಂದು ರಿಚಿಯವರೇ ಬರೆದಿರುವರು.

ಇಷ್ಟು ಗುಣಗಳಿದ್ದ ಯಂತ್ರಕ್ಕೆ ಬಂದ ಕೇಡು ಯಾವುದು? ಅದೂ ಮಿತವ್ಯಯದಿಂದಲೇ ಬಂದಿತು. ವಿಳಾಸವನ್ನು ಬರೆಯುವುದಕ್ಕೆ ಹದಿನಾರು ಬಿಟ್‌ಗಳು ಮಾತ್ರ ಇದ್ದುವಷ್ಟೆ. ಅವುಗಳಿಂದ ಬರೆಯಬಹುದಾದ ವಿಳಾಸಗಳು ೬೫,೫೩೬. ಅದರಲ್ಲಿಯೂ ಕೊನೆಯ ೮,೧೯೨ ಉಪಕರಣಗಳ ಪಾಲು. ೧೯೭೦ರಲ್ಲಿ ಇದು ಧಾರಾಳವೆಂದೇ ತೋರಿತು. ಆಗ ಸ್ಮೃತಿಕೋಶವೆಂದರೆ ಸಣ್ಣ ಕಾಂತದ ಉಂಗುರಗಳನ್ನು ತಂತಿಯಲ್ಲಿ ಪೋಣಿಸಿದ ದುಬಾರಿಯಾದ ಹೆಣಿಗೆ; ಅತ್ಯಂತ ಸಣ್ಣ ಸಜ್ಜಿನ ಗಿರಾಕಿಗೆ ಸಿಕ್ಕುತ್ತಿದ್ದುದು ೮,೧೯೨ ಬೈಟ್‌ಗಳು ಮಾತ್ರ. ಆದರೆ ಸ್ಮೃತಿಯ ಬೆಲೆ ವರ್ಷವರ್ಷಕ್ಕೂ ಇಳಿಯಿತು, ಕೊಳ್ಳುವವರ ಆಸೆ ಬೆಳೆಯಿತು. ೧೯೭೨ರ ಮಾದರಿಯಲ್ಲಿ ಸ್ಮೃತಿಕೋಶದ ವಿಳಾಸವನ್ನು ೧೮ ಬಿಟ್‌ಗಳಿಗೂ, ೧೯೭೫ರ ಮಾದರಿಯಲ್ಲಿ ೨೨ ಬಿಟ್‌ಗಳಿಗೂ ಹಿಗ್ಗಿಸಿದರು. ಈ ಕೊನೆಯದರಿಂದ ನಲವತ್ತು ಲಕ್ಷಕ್ಕೂ ಹೆಚ್ಚು ಬೈಟ್‌ಗಳನ್ನು ಇಡಬಹುದಾಗಿತ್ತು. ಆದರೆ ಆಜ್ಞೆಯೊಳಗಿನ ವಿಳಾಸವು ಹದಿನಾರೇ ಆಗಿ ಉಳಿಯಿತು. ಮನೆಗೆ ಎಷ್ಟು ಅಂಕಣಗಳನ್ನು ಕಟ್ಟಿಸಿದರೇನು, ಇಣುಕಿ ನೋಡುವುದಕ್ಕೆ ಎಂಟು ಕಿಟಕಿಗಳು ಮಾತ್ರ. ಒಂದೊಂದು ಕಿಟಕಿಯಿಂದ ೮,೧೯೨ ಬೈಟ್‌ಗಳು ಮಾತ್ರ ಕಾಣುವುವು. ದೊಡ್ಡ ಪ್ರೋಗ್ರಾಮನ್ನು ಬರೆಯುವವನು ಕಿಟಕಿಗಳನ್ನು ಮತ್ತೆ ಮತ್ತೆ ಬದಲಾಯಿಸುವುದರಲ್ಲಿಯೇ ದಣಿಯುತ್ತಿದ್ದನು.

ಗಾರ್ಡನ್ ಬೆಲ್ ಅವರು ೧೯೭೬ರಲ್ಲಿ, ತಮ್ಮ ಸಹೋದ್ಯೋಗಿಯೊಬ್ಬರೊಡನೆ ಈ ಯಂತ್ರವನ್ನು ತಾವೇ ವಿಮರ್ಶಿಸಿ, ಗಣಕಯಂತ್ರದ ರಚನೆಯಲ್ಲಿ ಮತ್ತೆ ಸರಿಪಡಿಸಲು ಕಷ್ಟವಾದ ತಪ್ಪು ಒಂದೇ ಒಂದು, ಅದು ವಿಳಾಸಕ್ಕೆ ಸಾಕಷ್ಟು ಬಿಟ್‌ಗಳನ್ನು ಬಿಡದಿರುವುದು ಎಂದು ಬರೆದರು. ತಾವು ಕಟ್ಟಿದುದರ ದೋಷವನ್ನು ಅದು ಇನ್ನೂ ಚೆನ್ನಾಗಿ ಮಾರಾಟವಾಗುತ್ತಿರುವಾಗಲೇ ಒಪ್ಪಿಕೊಂಡು ಲೋಕಕ್ಕೆ ತಿಳಿಸಿದ ಈ ಪ್ರಾಮಾಣಿಕತೆಯನ್ನು ನಾವು ಆ ಯಂತ್ರಕ್ಕಿಂತಲೂ ಹೆಚ್ಚಾಗಿ ಗೌರವಿಸುತ್ತೇವೆ. ೧೯೭೭ರಲ್ಲಿ ಅದೇ ಕಂಪೆನಿಯವರು ೩೨ ಬಿಟ್‌ಗಳ ವಿಳಾಸವುಳ್ಳ 'ವ್ಯಾಕ್ಸ್' ಎಂಬ ಯಂತ್ರವನ್ನು ತಂದರು. ಹೊಸ ಮನೆಗೆ ಹೋದರೂ ಹಿರಿಯರನ್ನು ಕೈಬಿಡಬಾರದೆಂದು, ಪಿ. ಡಿ. ಪಿ. ಹನ್ನೊಂದರ ಆಜ್ಞೆಗಳನ್ನೂ ನಡೆಸುವ ಶಕ್ತಿಯನ್ನು ಅದರಲ್ಲಿಟ್ಟಿದ್ದರು.

ಸೂತ್ರಗಳಲ್ಲಿ ಮಾಡಿದ ಉಳಿತಾಯವು ಯಂತ್ರಕ್ಕೆ ಕೀರ್ತಿಯನ್ನು ತಂದಿತು. ಬೆಳೆಯುವುದಕ್ಕೆ ಬೇಕಾದ ಸ್ಥಳದಲ್ಲಿ ಮಾಡಿದ ಉಳಿತಾಯವು ಅದರ ಬೆಳವಣಿಗೆಯನ್ನು ನಿಲ್ಲಿಸಿತು. ಮಗುವಿಗೆ ಹೊಲಿಸುವ ಅಂಗಿಯಲ್ಲಿ ಅಲಂಕಾರವನ್ನು ಕಡಿಮೆ ಮಾಡಬಹುದು. ಒಳಮಡಿಕೆಯ ಬಟ್ಟೆಯನ್ನು ಕಡಿಮೆ ಮಾಡಬಾರದೆಂಬುದನ್ನು ನಮ್ಮ ಗೃಹಿಣಿಯರು ಬಲ್ಲರು.

ಈ ಕುಟುಂಬದ ಎಲ್ಲ ಮಾದರಿಗಳೂ ಸೇರಿ ಸುಮಾರು ಆರು ಲಕ್ಷ ಯಂತ್ರಗಳು ಮಾರಾಟವಾದುವೆಂದು ಲೆಕ್ಕ. ಸೋವಿಯತ್ ದೇಶದವರು ಇದನ್ನು ಅನುಕರಿಸಿ 'ಎಲೆಕ್ಟ್ರೋನಿಕಾ ೬೦' ಎಂಬ ಯಂತ್ರವನ್ನು ಮಾಡಿದರು. ೧೯೮೪ರಲ್ಲಿ ಮಾಸ್ಕೋ ನಗರದಲ್ಲಿ ಅಲೆಕ್ಸಿ ಪಜಿತ್ನೋವ್ ಎಂಬವರು, ನಮ್ಮ ಮಕ್ಕಳೆಲ್ಲ ಬಲ್ಲ 'ಟೆಟ್ರಿಸ್' ಆಟವನ್ನು ಮೊದಲು ರಚಿಸಿದ್ದು ಅದರ ಮೇಲೆಯೇ. ಡಿಜಿಟಲ್ ಕಂಪೆನಿಯು ೧೯೯೮ರಲ್ಲಿ ಇನ್ನೊಂದು ಕಂಪೆನಿಯ ವಶವಾಗಿ ಹೆಸರನ್ನೂ ಕಳೆದುಕೊಂಡಿತು. ಆದರೂ, ಕೆನಡಾ ದೇಶದ ಪರಮಾಣು ವಿದ್ಯುತ್ ಸ್ಥಾವರಗಳ ಕೆಲವು ಯಂತ್ರಮಾನವರನ್ನು ನಡೆಸುವುದಕ್ಕೆ ಪಿ. ಡಿ. ಪಿ. ಹನ್ನೊಂದನ್ನೇ ೨೦೫೦ರವರೆಗೂ ಉಳಿಸಿಕೊಳ್ಳುವ ಉದ್ದೇಶವಿದೆಯೆಂದೂ, ಅದರ ಭಾಷೆಯನ್ನು ಬಲ್ಲವರು ಬೇಕಾಗಿದ್ದಾರೆಂದೂ ೨೦೧೩ರಲ್ಲಿ ಪ್ರಕಟವಾಗಿತ್ತು.

ನಮ್ಮ ಅಂಗೈಯ ದೂರವಾಣಿಗೂ ಈ ಹಿರಿಯನಿಗೂ ಇರುವ ನಂಟು ಈಗ ವಾಚಕರಿಗೆ ಸ್ಪಷ್ಟವಾಗಿರಬಹುದು. ಆ ದೂರವಾಣಿಯೊಳಗಿನ ಕಾರ್ಯವ್ಯವಸ್ಥೆಯು ಯೂನಿಕ್ಸಿನ ಮಾರ್ಗದಲ್ಲಿಯೇ ನಡೆಯುವುದು. ಅದರ ತಿರುಳಿನ ಬಹುಭಾಗವು 'ಸಿ' ಭಾಷೆಯಲ್ಲಿದೆ. ಯಂತ್ರವನ್ನು ಕಣ್ಣಾರೆ ಕಾಣಬೇಕಾದರೆ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಅದರ ವ್ಯಾಕರಣವನ್ನು ಕಲಿಯುವುದಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ. ಅದರಂತೆಯೇ ನಟಿಸುವ ಪ್ರೋಗ್ರಾಮುಗಳು ಈಗ ಉಚಿತವಾಗಿ ದೊರೆಯುತ್ತವೆ. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಹುಡುಗನೋ ಹುಡುಗಿಯೋ ಇದ್ದರೆ, ರಜೆಯ ದಿನ ಒಂದು ಸಾಯಂಕಾಲ ಅವರ ಜೊತೆಗೆ ಕುಳಿತು, ೦೧೪೭೪೭ ಎಂಬ ಆ ಒಂದು ಪದವನ್ನು ಬರೆದು, ಅದು ಹಿಂದು ಹಿಂದಕ್ಕೆ ನಡೆಯುವ ಚಂದವನ್ನು ನೋಡಿರಿ. ಅದು ಏಕೆ ಹಾಗೆ ನಡೆಯುವುದೆಂಬುದನ್ನು ಮಕ್ಕಳು ತಾವಾಗಿಯೇ ಬಿಡಿಸಿ ಹೇಳಿದರೆ, ಈ ಲೇಖನವನ್ನು ಬರೆದ ಶ್ರಮವು ಸಾರ್ಥಕವಾಯಿತೆಂದು ಭಾವಿಸುವೆವು.